ಹುರಿಹಿಟ್ಟಿನ ನಂಟು

ಮೈಸೂರಿನಿಂದ ಮಡಿಕೇರಿಯ ದಾರಿ ಹಿಡಿದು ಹೊರಟವರು ಪಿರಿಯಾಪಟ್ಟಣವನ್ನು ದಾಟಿ, ಕಾವೇರಿಯ ಸೇತುವೆ ಇನ್ನೂ ಸಿಗುವ ಮೊದಲೇ ಹೆದ್ದಾರಿಯನ್ನು ಬಿಟ್ಟು ಪಕ್ಕಕ್ಕೆ ತಿರುಗಿದರೆ, ಬೈಲಕುಪ್ಪೆಯ ಟಿಬೆಟನ್ ನೆಲೆ ಸಿಗುತ್ತದೆ. ನಿಮ್ಮಲ್ಲಿ ಅನೇಕರು ಅದನ್ನು ನೋಡಿರಬಹುದು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳ ಮುಂದೆ ಕತ್ತೆತ್ತಿ ನಿಂತು, ಹೊರಗೆ ಬಂದು ಒಂದು ತಟ್ಟೆ ಮೊಮೊ ತಿಂದು, ಉಣ್ಣೆಯ ಟೋಪಿಯೊಂದನ್ನು ಚೌಕಾಸಿ ಮಾಡಿ ಕೊಂಡು, ಕತ್ತಲಾಗುವುದರೊಳಗೆ ಮನೆ ಸೇರಿರಬಹುದು. ಮರುದಿನ ನೆರೆಮನೆಯವರು ಕೇಳಿದಾಗ, “ಟಿಬೆಟಿನವರ ಊಟ ತಾನೆ? ಗೊತ್ತು, ಮೊಮೊ” ಎಂದು ಹೇಳಿಯೂ ಇರಬಹುದು.

ಅದನ್ನು ತಪ್ಪೆಂದು ನಾನು ಹೇಳಲಾರೆ. ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಒಬ್ಬಾತ ಉಡುಪಿ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದು ಕೈ ಒರೆಸಿಕೊಳ್ಳುತ್ತ, “ಕನ್ನಡಿಗರ ಊಟ ನನಗೆ ಗೊತ್ತು, ಮೂರು ಹೊತ್ತೂ ಮಸಾಲೆದೋಸೆ” ಎಂದರೆ ನಮಗೆ ಹೇಗಿರುತ್ತದೆ? ನಗು ಬರುತ್ತದೆ. ಮುದ್ದೆ ಎಲ್ಲಿ ಹೋಯಿತು, ಜೋಳದ ರೊಟ್ಟಿ ಎಲ್ಲಿ ಹೋಯಿತು, ಬಸ್ಸಾರು, ಗೊಜ್ಜು, ಗಂಜಿ ಇವೆಲ್ಲ ಎಲ್ಲಿ ಹೋದವು ಎಂದು ಕೇಳಬೇಕೆನಿಸುತ್ತದೆ. ಮಸಾಲೆದೋಸೆ ನಮ್ಮದೇ, ನಿಜ. ಆದರೆ ನಾವು ಬೆಳೆದದ್ದು ಅದನ್ನು ತಿಂದಲ್ಲ.

ಒಂದು ದೇಶವನ್ನು ಬಿಟ್ಟು ಇನ್ನೊಂದು ದೇಶಕ್ಕೆ ಬಂದು ನೆಲೆಸಿದ ಜನರಿಗೆ, ನಾನು ಕಂಡಮಟ್ಟಿಗೆ, ಮೂರು ತಟ್ಟೆಗಳಿರುತ್ತವೆ. ಒಂದು ದಿನದ ತಟ್ಟೆ. ಎರಡನೆಯದು ಹಬ್ಬದ ತಟ್ಟೆ. ಮೂರನೆಯದು ಅಂಗಡಿಯ ತಟ್ಟೆ, ಅಂದರೆ ಊರಿನ ಇತರರಿಗೆ ಬಡಿಸಿ ಕಾಸು ಪಡೆಯುವ ತಟ್ಟೆ. ದಿನದ ತಟ್ಟೆಯನ್ನು ಹೊಸ ನೆಲ ಬಹುಬೇಗ ತನ್ನದಾಗಿ ಮಾಡಿಕೊಳ್ಳುತ್ತದೆ. ಹಬ್ಬದ ತಟ್ಟೆಯನ್ನು ಹಳೆಯ ನೆಲ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಂಗಡಿಯ ತಟ್ಟೆಯಲ್ಲಿ ಇವೆರಡೂ ಅರ್ಧರ್ಧ ಇರುತ್ತವೆ. ನಾವು ನೋಡುವುದು, ದುಡ್ಡು ಕೊಟ್ಟು ತಿನ್ನುವುದು ಆ ಮೂರನೆಯದನ್ನು ಮಾತ್ರ. ನಮ್ಮ ನಾಡಿನಲ್ಲಿಯೇ ಬಂದು ನೆಲೆಸಿದ ಟಿಬೆಟನ್ನರ ಈ ಮೂರು ತಟ್ಟೆಗಳ ಸಂಗತಿಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಅವರು ಬಿಟ್ಟುಬಂದ ನೆಲವನ್ನು ನೋಡೋಣ. ಟಿಬೆಟ್ ಎತ್ತರದ ನಾಡು. ಅದರ ರಾಜಧಾನಿಯಾದ ಲ್ಹಾಸಾ ನಗರವೇ ಸಮುದ್ರಮಟ್ಟದಿಂದ ಸುಮಾರು 3650 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಎತ್ತರದ ಇನ್ನೊಂದು ಬೆಟ್ಟವನ್ನು ಹೇರಿದರೆ ಆ ಎತ್ತರ ಬಂದೀತು. ಅಲ್ಲಿ ಬೇಸಗೆ ಗಿಡ್ಡದು, ಚಳಿಗಾಲ ಉದ್ದ. ಭತ್ತದ ಮಾತೇ ಇಲ್ಲ. ಗೋದಿ ಕಣಿವೆಗಳಲ್ಲಿ ಅಷ್ಟಿಷ್ಟು ಬರುತ್ತದೆ. ಆ ಎತ್ತರದಲ್ಲಿ, ಆ ಗಿಡ್ಡ ಬೇಸಗೆಯಲ್ಲಿ ನಂಬಿಕೆಯಿಂದ ಮಾಗುವ ಕಾಳು ಎಂದರೆ ಬಾರ್ಲಿ. ಹಳೆಯ ಕನ್ನಡ ಹೆಸರು ಬೇಕಾದರೆ ಜವೆಗೋದಿ. ನಮ್ಮಲ್ಲಿ ಜ್ವರ ಬಂದವರಿಗೆ ಗಂಜಿ ಕಾಯಿಸಿ ಕೊಡುವ ಆ ಕಾಳೇ ಅಲ್ಲಿ ಅರಸನಿಗೂ ಅನ್ನ, ಆಳಿಗೂ ಅನ್ನ.

ಕಾಳೇನೋ ಬೆಳೆಯಿತು. ಬೇಯಿಸುವುದು ಹೇಗೆ? ಇಲ್ಲೊಂದು ತೊಡಕು. ಎತ್ತರಕ್ಕೆ ಹೋದ ಹಾಗೆಲ್ಲ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಬೇಗ ಕುದಿಯುತ್ತದೆ ಎಂದರೆ ಕಡಿಮೆ ಬಿಸಿಯಲ್ಲಿಯೇ ಕುದಿಯುತ್ತದೆ ಎಂದರ್ಥ. ಸಮುದ್ರತೀರದಲ್ಲಿ 100 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುವ ನೀರು ಲ್ಹಾಸಾದಲ್ಲಿ ಸುಮಾರು 88 ಡಿಗ್ರಿಗೇ ಕುದಿದುಬಿಡುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಹೆಚ್ಚು ಬಿಸಿ ಏರದು. ಆ ನೀರಿನಲ್ಲಿ ಬೇಳೆ ಹಾಕಿ ಕುಳಿತರೆ ಮಧ್ಯಾಹ್ನದ ಹುಳಿಗೆ ರಾತ್ರಿಯವರೆಗೆ ಕಾಯಬೇಕು. ಉರಿಗಾದರೂ ಸೌದೆ ಎಲ್ಲಿದೆ? ಮರಗಳು ವಿರಳ, ಒಣಗಿದ ಸಗಣಿಯೇ ಬಹುಪಾಲು ಇಂಧನ.

ಆ ಜನ ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ನೀರಿಗೆ ಎತ್ತರದ ಕಟ್ಟು ಇದೆ, ಮರಳಿಗೆ ಇಲ್ಲ. ಬಾಣಲೆಯಲ್ಲಿ ಮರಳನ್ನು ಚೆನ್ನಾಗಿ ಕಾಯಿಸಿ, ಅದರಲ್ಲಿ ಬಾರ್ಲಿಯನ್ನು ಹಾಕಿ ಹುರಿಯುತ್ತಾರೆ. ಕಾಳು ಚಟಪಟ ಸಿಡಿದು ಅರಳುತ್ತದೆ. ಜರಡಿ ಹಿಡಿದು ಮರಳನ್ನು ಬೇರೆ ಮಾಡಿ, ಕಾಳನ್ನು ಬೀಸಿ ಹಿಟ್ಟು ಮಾಡುತ್ತಾರೆ. ಅದು ಆಗಲೇ ಬೆಂದ ಹಿಟ್ಟು. ಇನ್ನು ಒಲೆಯ ಹಂಗಿಲ್ಲ. ಚೀಲದಲ್ಲಿ ಕಟ್ಟಿಕೊಂಡು ತಿಂಗಳುಗಟ್ಟಲೆ ಪಯಣ ಮಾಡಬಹುದು. ಇದಕ್ಕೆ ಅವರಿಡುವ ಹೆಸರು ತ್ಸಂಪಾ.

ನಮ್ಮ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರು ಇಷ್ಟು ಹೊತ್ತಿಗೆ “ಇದು ಹುರಿಹಿಟ್ಟಲ್ಲವೆ!” ಎಂದಿರಬೇಕು. ಹೌದು, ಹುರಿಹಿಟ್ಟೇ. ನಮ್ಮಲ್ಲಿ ರಾಗಿ, ಅಲ್ಲಿ ಬಾರ್ಲಿ, ಅಷ್ಟೇ ವ್ಯತ್ಯಾಸ. ನಾವು ರಾಗಿಗೆ ನೀರು ಚಿಮುಕಿಸಿ, ಆರಿಸಿ, ಕಾದ ಬಾಣಲೆಯಲ್ಲಿ ಅರಳು ಹುರಿದು ಬೀಸಿ, ಡಬ್ಬಿಗೆ ತುಂಬುತ್ತೇವೆ. ಬೆಲ್ಲ, ಹಾಲು, ಇಲ್ಲವೆ ಮಜ್ಜಿಗೆ ಬೆರಸಿ ಕೈಯಲ್ಲಿ ಕಲಸಿದರೆ ಫಲಾಹಾರ ಸಿದ್ಧ. ಅವರು ಬಟ್ಟಲಿಗೆ ಬಿಸಿ ಟೀ ಹೊಯ್ದು, ಹಿಟ್ಟು ಹಾಕಿ, ಎಡಗೈಯಲ್ಲಿ ಬಟ್ಟಲನ್ನು ತಿರುಗಿಸುತ್ತ ಬಲಗೈಯ ಬೆರಳುಗಳಿಂದ ಕಲಸಿ ಉಂಡೆ ಮಾಡುತ್ತಾರೆ. ಕುರಿ ಹಿಂಡಿನ ಹಿಂದೆ ಹೋಗುವ ನಮ್ಮ ಕುರುಬರ ಬುತ್ತಿಗೂ, ಯಾಕ್ ಹಿಂಡಿನ ಹಿಂದೆ ಹೋಗುವ ಅವರ ಪಶುಗಾಹಿಯ ಬುತ್ತಿಗೂ ಅಂತಹ ಅಂತರವೇನೂ ಇಲ್ಲ.

ಆದರೆ ಹುರಿಹಿಟ್ಟು ನಮಗೆ ತಿಂಡಿ. ತ್ಸಂಪಾ ಅವರಿಗೆ ಅದಕ್ಕಿಂತ ಹೆಚ್ಚಿನದು. ಟಿಬೆಟಿನಲ್ಲಿ ಪ್ರಾಂತಕ್ಕೊಂದು ನುಡಿ, ಕಣಿವೆಗೊಂದು ಉಡುಪು. ಇವರೆಲ್ಲ ಒಂದೇ ಜನ ಎಂದು ಹೇಳಬೇಕಾದಾಗ ಅವರು ಬಳಸುವ ಮಾತು “ತ್ಸಂಪಾ ತಿನ್ನುವವರು” ಎಂದು. ಮಗು ಹುಟ್ಟಿದರೆ ತ್ಸಂಪಾ, ಮದುವೆಯಾದರೆ ತ್ಸಂಪಾ, ಹೊಸ ವರ್ಷ ಬಂದರೆ ಒಂದು ಚಿಟಿಕೆ ತ್ಸಂಪಾವನ್ನು ಆಕಾಶಕ್ಕೆ ತೂರಬೇಕು. ಇಂತಹ ಜನರು ಬಾರ್ಲಿ ಬೆಳೆಯದ ನೆಲಕ್ಕೆ ಬಂದು ನಿಂತರೆ ಏನಾದೀತು? ಬರಿಯ ಹೊಟ್ಟೆಯ ಪ್ರಶ್ನೆಯಲ್ಲ ಅದು. ತಾವು ಯಾರು ಎಂಬುದರ ಪ್ರಶ್ನೆ.

1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ಬಿಟ್ಟು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಬಂದವರಲ್ಲಿ ಬಹುಮಂದಿಗೆ ಮೊದಲು ಸಿಕ್ಕ ಕೆಲಸ ಹಿಮಾಲಯದ ತಪ್ಪಲಿನಲ್ಲಿ ರಸ್ತೆಗಾಗಿ ಕಲ್ಲು ಒಡೆಯುವುದು. ಇವರಿಗೆ ನೆಲೆ ಬೇಕಾಗಿತ್ತು. ಆಗ ಭೂಮಿ ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ನಮ್ಮದು, ಅಂದಿನ ಮೈಸೂರು ರಾಜ್ಯ, ಮೊದಲ ಸಾಲಿನಲ್ಲಿತ್ತು. 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುನೆಲವನ್ನು ಅವರಿಗೆಂದು ಬಿಟ್ಟುಕೊಡಲಾಯಿತು. ಮುಂದೆ 1966ರಲ್ಲಿ ಮುಂಡಗೋಡಿನಲ್ಲಿ, ಅನಂತರ ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ನೆಲೆಗಳಾದವು. ಬೈಲಕುಪ್ಪೆಯಲ್ಲಿಯೇ 1969ರಲ್ಲಿ ಇನ್ನೊಂದು ನೆಲೆ ಸೇರಿ, ಇಂದು ಕರ್ನಾಟಕದಲ್ಲಿ ಟಿಬೆಟನ್ನರ ಐದು ನೆಲೆಗಳಿವೆ.

ಆ ಮೊದಲ ದಿನಗಳನ್ನು ಊಹಿಸಿಕೊಳ್ಳಿ. ಮೈಮೇಲೆ ಉಣ್ಣೆಯ ಬಟ್ಟೆ, ತಲೆಯ ಮೇಲೆ ನಮ್ಮ ಏಪ್ರಿಲ್ ತಿಂಗಳ ಬಿಸಿಲು. ಬಿದಿರು ಕಡಿಯಬೇಕು, ಮರ ಕಡಿಯಬೇಕು, ಬುಡ ಸುಡಬೇಕು. ರಾತ್ರಿ ಆನೆಗಳ ಕಾಟ. ಹೊಲ ಕೈಗೆ ಬರುವವರೆಗೂ ಪಡಿಯಾಗಿ ಬಂದ ಅಕ್ಕಿ, ಬೇಳೆ, ಹಿಟ್ಟನ್ನು ತಿನ್ನಬೇಕು. ಅನ್ನ ಅವರಿಗೆ ತೀರ ಅಪರಿಚಿತವೇನಲ್ಲ. ಟಿಬೆಟಿನಲ್ಲಿ ಅಕ್ಕಿ ತಗ್ಗುನಾಡಿನಿಂದ ಹೇರಿಕೊಂಡು ಬರುವ ದುಬಾರಿ ವಸ್ತು, ಹಬ್ಬಕ್ಕೆ ಒಂದಿಷ್ಟು ಬಳಸುವಂಥದು. ಅಲ್ಲಿ ಹಬ್ಬದ್ದಾಗಿದ್ದ ಅನ್ನ ಇಲ್ಲಿ ದಿನದ್ದಾಯಿತು. ಅಲ್ಲಿ ದಿನದ್ದಾಗಿದ್ದ ತ್ಸಂಪಾ ಇಲ್ಲಿ ಹಬ್ಬಕ್ಕೆ ಹುಡುಕುವ ವಸ್ತುವಾಯಿತು. ದೇಶಾಂತರ ಎಂದರೆ ಇದೇ ತಾನೆ? ಸಾಮಾನುಗಳು ಅವೇ, ಆದರೆ ಮೇಲಿನ ಶೆಲ್ಫಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ.

ಭಾರತದಲ್ಲಿ ಬಾರ್ಲಿ ಇಲ್ಲವೆ ಎಂದು ಕೇಳಬಹುದು. ಇದೆ. ರಾಜಸ್ಥಾನ, ಉತ್ತರಪ್ರದೇಶಗಳ ಬಯಲಿನಲ್ಲಿ ಬೆಳೆಯುತ್ತಾರೆ. ಆದರೆ ಅಲ್ಲಿಯ ಬಾರ್ಲಿಗೂ ಟಿಬೆಟಿನದಕ್ಕೂ ಒಂದು ಭೇದವಿದೆ. ಟಿಬೆಟಿನ ಬಾರ್ಲಿ ಗೋದಿಯ ಹಾಗೆ, ಬಡಿದರೆ ಹೊಟ್ಟು ಕಳಚಿಕೊಂಡು ಬರಿಯ ಕಾಳು ಉದುರುತ್ತದೆ. ಬಯಲುಸೀಮೆಯ ಸಾಮಾನ್ಯ ಬಾರ್ಲಿಗೆ ಹೊಟ್ಟು ಅಂಟಿಕೊಂಡೇ ಇರುತ್ತದೆ. ಹುರಿದು ಬೀಸಿದರೆ ಗಂಟಲಿಗೆ ತರಿತರಿಯಾಗುತ್ತದೆ. ಹೊಟ್ಟು ತೆಗೆಸಿಕೊಂಡು ಬರಬೇಕು, ಅದಕ್ಕೆ ಖರ್ಚು. ಹೊಟ್ಟಿಲ್ಲದ ಬಾರ್ಲಿ ಬೇಕಾದರೆ ಲಡಾಖು, ಸ್ಪಿತಿಗಳಂತಹ ಹಿಮಾಲಯದ ಆಚೆಯ ಕಣಿವೆಗಳಿಂದ ಬರಬೇಕು. ಕಾವೇರಿ ತೀರಕ್ಕೆ ಅದೆಷ್ಟು ದೂರ! ಸಿಕ್ಕದಿದ್ದಾಗ ಗೋದಿಯನ್ನೋ ಮುಸುಕಿನ ಜೋಳವನ್ನೋ ಹುರಿದು ಬೀಸಿ, ಅದನ್ನೇ ತ್ಸಂಪಾ ಎಂದು ಕರೆಯುವುದುಂಟು. ಕಾಳು ಬದಲಾಯಿತು, ಕೈಕೆಲಸ ಬದಲಾಗಲಿಲ್ಲ. ಹುರಿಯುವುದು, ಬೀಸುವುದು, ಬಟ್ಟಲಲ್ಲಿ ಬೆರಳಾಡಿಸಿ ಕಲಸುವುದು, ಇಷ್ಟು ಉಳಿಯಿತು.

ಇನ್ನು ಟೀ. ಟಿಬೆಟಿನ ಟೀಗೆ ಸಕ್ಕರೆ ಇಲ್ಲ. ಚೀನಾದ ಸಿಚುವಾನ್ ಕಡೆಯಿಂದ ಹೇರುಪ್ರಾಣಿಗಳ ಮೇಲೆ ಬರುತ್ತಿದ್ದ ಇಟ್ಟಿಗೆಯಂಥ ಟೀ ಹೆಂಟೆಯನ್ನು ಒಡೆದು, ಗಂಟೆಗಟ್ಟಲೆ ಕುದಿಸಿ, ಕಷಾಯ ತೆಗೆದು, ಉಪ್ಪನ್ನೂ ಬೆಣ್ಣೆಯನ್ನೂ ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ದಸಕ್ ದಸಕ್ ಎಂದು ಕುಟ್ಟಿ ಕಡೆಯುತ್ತಾರೆ. ನಮ್ಮವರು ಇದನ್ನು ಕೇಳಿದರೆ ಮುಖ ಕಿವುಚುವುದುಂಟು. ಆದರೆ ಅದನ್ನು ಟೀ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿದು ನೋಡಿ. ಆಗ ಅದರ ಹದ ತಿಳಿಯುತ್ತದೆ. ಒಣಗಾಳಿಯಲ್ಲಿ ತುಟಿ ಒಡೆಯುವ ಚಳಿದೇಶದಲ್ಲಿ ಜಿಡ್ಡು, ಉಪ್ಪು, ಬಿಸಿ ಮೂರೂ ಒಂದೇ ಬಟ್ಟಲಲ್ಲಿ ಸಿಗುವ ಸಾರು ಅದು.

ಆ ಬೆಣ್ಣೆಯ ವಿಷಯದಲ್ಲಿ ಒಂದು ತಮಾಷೆ ಇದೆ. ಹೊರಗಿನವರೆಲ್ಲ ಅದನ್ನು “ಯಾಕ್ ಬೆಣ್ಣೆ” ಎನ್ನುತ್ತಾರೆ. ಟಿಬೆಟನ್ನರಿಗೆ ಇದು ನಗೆಪಾಟಲು. ಏಕೆಂದರೆ ಯಾಕ್ ಎಂದರೆ ಗಂಡು, ಹೆಣ್ಣಿನ ಹೆಸರು ದ್ರಿ. ಯಾಕ್ ಬೆಣ್ಣೆ ಎಂದರೆ ನಮ್ಮಲ್ಲಿ ಎತ್ತಿನ ಹಾಲು ಎಂದ ಹಾಗೆ!

ಬೈಲಕುಪ್ಪೆಯಲ್ಲಿ ಯಾಕೂ ಇಲ್ಲ, ದ್ರಿಯೂ ಇಲ್ಲ. ಆ ಪ್ರಾಣಿಗಳು ಇಲ್ಲಿಯ ಸೆಕೆಯನ್ನು ತಡೆಯಲಾರವು. ಹಸು ಕಟ್ಟಿದರು, ಹಾಲು ಕರೆದರು, ಬೆಣ್ಣೆ ತೆಗೆದರು. ಟಿಬೆಟಿನ ಚಳಿಯಲ್ಲಿ ತೊಗಲಿನೊಳಗೆ ಹೊಲಿದಿಟ್ಟ ಬೆಣ್ಣೆ ತಿಂಗಳುಗಟ್ಟಲೆ ಇರುತ್ತದೆ. ಇಲ್ಲಿ ನಾಲ್ಕು ದಿನಕ್ಕೆ ಕಮಟು ವಾಸನೆ. ನಮ್ಮ ಅಜ್ಜಿಯರು ಬೆಣ್ಣೆಯನ್ನು ಇಡದೆ ಕಾಯಿಸಿ ತುಪ್ಪ ಮಾಡಿದ್ದು ಬರಿಯ ಪರಿಮಳಕ್ಕಲ್ಲ, ಈ ಸೆಕೆಗೇ. ಪುಡಿ ಟೀಯನ್ನೇ ಕುದಿಸಿ, ಉಪ್ಪು ಬೆಣ್ಣೆ ಹಾಕಿ ಕಡೆಯುವುದು ಇಲ್ಲಿಯ ರೂಢಿಯಾಯಿತು. ಮರದ ಕೊಳವೆಯ ಜಾಗದಲ್ಲಿ ಎಷ್ಟೋ ಮನೆಗಳಲ್ಲಿ ಈಗ ಮಿಕ್ಸಿ ಗುರುಗುಟ್ಟುತ್ತದೆ. ಅದರ ಜೊತೆಗೆ ನಮ್ಮ ಹಾಗೆ ಹಾಲು ಸಕ್ಕರೆಯ ಟೀಯೂ ನಡೆಯುತ್ತದೆ. ಹಿರಿಯರಿಗೆ ಉಪ್ಪಿನದು, ಕಿರಿಯರಿಗೆ ಸಿಹಿಯದು ಎಂದು ಒಂದೇ ಮನೆಯಲ್ಲಿ ಎರಡು ಫ್ಲಾಸ್ಕುಗಳು.

ಮಾಂಸದ ವಿಷಯದಲ್ಲಿಯೂ ನೆಲ ತನ್ನ ಪಾಠವನ್ನು ಹೇಳಿತು. ಅಹಿಂಸೆಯನ್ನು ಬೋಧಿಸಿದ ಬುದ್ಧನ ಅನುಯಾಯಿಗಳು ಮಾಂಸ ತಿನ್ನುವುದೆಂತು ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ತರಕಾರಿ ಮೊಳೆಯದ ನೆಲದಲ್ಲಿ ಬದುಕಿದವರ ಕಷ್ಟವನ್ನು ತರಕಾರಿ ಸಂತೆಯ ನಡುವೆ ಕುಳಿತು ಅಳೆಯಬಾರದು. ಅವರಲ್ಲಿಯೂ ಒಂದು ಲೆಕ್ಕವಿತ್ತು. ಒಂದು ಯಾಕಿನ ಜೀವ ಹೋದರೆ ಅನೇಕರ ಹೊಟ್ಟೆ ಅನೇಕ ದಿನ ತುಂಬುತ್ತದೆ, ಒಂದು ಊಟಕ್ಕೆ ಎಷ್ಟೋ ಮೀನುಗಳ ಜೀವ ಹೋಗುತ್ತದೆ, ಆದ್ದರಿಂದ ಸಣ್ಣ ಪ್ರಾಣಿಗಳನ್ನು ತಿನ್ನುವುದು ಹೆಚ್ಚಿನ ಪಾಪ ಎಂದು. ಇಲ್ಲಿಗೆ ಬಂದ ಮೇಲೆ ಎಲೆಕೋಸು, ಹುರುಳಿಕಾಯಿ, ಆಲೂಗೆಡ್ಡೆ, ಸೊಪ್ಪುಗಳು ಕಣ್ಣಮುಂದೆ ರಾಶಿಯಾಗಿ ಬಿದ್ದವು. ದಲೈ ಲಾಮಾ ಅವರೂ ಸಸ್ಯಾಹಾರವನ್ನು ಉತ್ತೇಜಿಸಿದರು. ಇಂದು ದಕ್ಷಿಣದ ದೊಡ್ಡ ಮಠಗಳಲ್ಲಿ, ಸಾವಿರಾರು ಭಿಕ್ಷುಗಳಿಗೆ ಅಡಿಗೆಯಾಗುವ ಸಾಮೂಹಿಕ ಅಡಿಗೆಮನೆಗಳಲ್ಲಿ, ಮಾಂಸ ಬೇಯುವುದಿಲ್ಲ.

ಹಾಗಾದರೆ ದಿನದ ತಟ್ಟೆಯಲ್ಲಿ ಈಗ ಏನಿದೆ? ಮಧ್ಯಾಹ್ನ ಒಂದು ಮನೆಗೆ ಹೋಗಿ ನೋಡಿ. ಅನ್ನ, ಬೇಳೆ, ಒಂದು ಪಲ್ಯ, ನಂಚಿಕೊಳ್ಳಲು ಕೆಂಪು ಮೆಣಸಿನಕಾಯಿಯ ಖಾರ. ನಮ್ಮ ಊಟವೇ ಎನ್ನಬಹುದು. ಒಗ್ಗರಣೆಯ ಸದ್ದು ಸ್ವಲ್ಪ ಮೆಲ್ಲಗೆ, ಹುಳಿ ಸ್ವಲ್ಪ ಕಡಿಮೆ, ಅಷ್ಟೆ. ಲ್ಹಾಸಾದ ಕುದಿನೀರಿಗೆ ಮಣಿಯದ ಬೇಳೆ, ಸಾವಿರ ಮೀಟರಿಗೂ ಕಡಿಮೆ ಎತ್ತರದ ಬೈಲಕುಪ್ಪೆಯಲ್ಲಿ ಕುಕ್ಕರಿನ ಕೆಲವೇ ಕೂಗಿಗೆ ಮೆತ್ತಗಾಗುತ್ತದೆ. ರಾತ್ರಿಗೆ ತುಕ್ಪಾ, ಅಂದರೆ ಹಿಟ್ಟಿನ ಎಳೆಗಳನ್ನು ತರಕಾರಿ ಸಾರಿನಲ್ಲಿ ಬೇಯಿಸಿದ್ದು. ಹೊಲದಲ್ಲಿ ಮುಸುಕಿನ ಜೋಳ, ರಾಗಿ. ಹೀಗೆ ದಿನದ ತಟ್ಟೆಯನ್ನು ನಮ್ಮ ನೆಲ ಗೆದ್ದುಕೊಂಡಿತು.

ಹಬ್ಬದ ತಟ್ಟೆಯನ್ನು ಗೆಲ್ಲಲಿಲ್ಲ. ಅವರ ಹೊಸ ವರ್ಷಕ್ಕೆ ಲೋಸರ್ ಎಂದು ಹೆಸರು. ಸಾಮಾನ್ಯವಾಗಿ ಫೆಬ್ರವರಿ ಇಲ್ಲವೆ ಮಾರ್ಚಿಯಲ್ಲಿ ಬರುತ್ತದೆ, ನಮ್ಮ ಯುಗಾದಿಗೆ ಸ್ವಲ್ಪ ಮುಂಚೆ. ಅದಕ್ಕೆ ಎರಡು ದಿನ ಮುನ್ನ ಮನೆಯಲ್ಲಿ ಗುತುಕ್ ಎಂಬ ಸಾರು. ಗು ಎಂದರೆ ಒಂಬತ್ತು, ಒಂಬತ್ತು ಪದಾರ್ಥಗಳನ್ನು ಹಾಕಿ ಮಾಡಿದ್ದು. ಅದರಲ್ಲಿ ತೇಲುವ ದೊಡ್ಡ ಹಿಟ್ಟಿನುಂಡೆಗಳೊಳಗೆ ಒಂದೊಂದು ಗುಟ್ಟು. ಉಂಡೆ ಒಡೆದಾಗ ಮೆಣಸಿನಕಾಯಿ ಸಿಕ್ಕಿದರೆ ಅವನು ಮಾತಿನ ಮಲ್ಲ, ಇದ್ದಿಲು ಸಿಕ್ಕಿದರೆ ಮನಸ್ಸು ಕಪ್ಪು, ಉಣ್ಣೆ ಸಿಕ್ಕಿದರೆ ಹೃದಯ ಮೃದು. ಅಜ್ಜನಿಗೆ ಮೆಣಸಿನಕಾಯಿ ಸಿಕ್ಕಿದಾಗ ಮೊಮ್ಮಕ್ಕಳು ನಗುವುದನ್ನು ಕೇಳಲು ಟಿಬೆಟನ್ ಭಾಷೆ ಬರಬೇಕಾಗಿಲ್ಲ.

ಹೊಸ ವರ್ಷದ ಬೆಳಿಗ್ಗೆ ಬಾಗಿಲಿಗೆ ಬಂದವರ ಮುಂದೆ ಒಂದು ಮರದ ಪೆಟ್ಟಿಗೆಯನ್ನು ಹಿಡಿಯುತ್ತಾರೆ. ನಡುವೆ ಹಲಗೆ ಹಾಕಿ ಎರಡು ಪಾಲು ಮಾಡಿದ ಪೆಟ್ಟಿಗೆ. ಒಂದರಲ್ಲಿ ಬೆಣ್ಣೆ ಸಕ್ಕರೆ ಬೆರಸಿದ ತ್ಸಂಪಾ, ಇನ್ನೊಂದರಲ್ಲಿ ಕಾಳು. ಬಂದವರು ಚಿಟಿಕೆ ತೆಗೆದು ಮೇಲಕ್ಕೆ ತೂರಿ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಶುಭ ಕೋರುತ್ತಾರೆ. ನಾವು ಬೇವು ಬೆಲ್ಲ ಕೊಡುವ ಹಾಗೆಯೇ. ಪೂಜೆಯ ಪೀಠದ ಮೇಲೆ ಕುಂಡದಲ್ಲಿ ಬೆಳೆಸಿದ ಬಾರ್ಲಿಯ ಹಸುರು ಮೊಳಕೆ ಇರುತ್ತದೆ. ಹೊಲದಲ್ಲಿ ಬೆಳೆಯದ ಬಾರ್ಲಿ ಹಬ್ಬದ ವಾರದಲ್ಲಿ ಕುಂಡದಲ್ಲಿ ಗೇಣುದ್ದ ಬೆಳೆಯುತ್ತದೆ. ತೆನೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ದೇವರ ಮುಂದೆ ನೈವೇದ್ಯಕ್ಕೆ ಇಡುವ ತೊರ್ಮಾ ಎಂಬ ಗೋಪುರಗಳನ್ನೂ ತ್ಸಂಪಾ ಹಿಟ್ಟಿನಿಂದಲೇ ತಿದ್ದಿ, ಬಣ್ಣದ ಬೆಣ್ಣೆಯ ಹೂವು ಅಂಟಿಸುತ್ತಾರೆ. ಗ್ರಾಮದೇವತೆಯ ಜಾತ್ರೆಗೆ ತಲೆಯ ಮೇಲೆ ತಂಬಿಟ್ಟಿನ ಆರತಿ ಹೊತ್ತು ನಡೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ತಂಬಿಟ್ಟು, ತ್ಸಂಪಾ, ಹೆಸರುಗಳು ಹತ್ತಿರ ಕೇಳಿಸಿದರೂ ಭಾಷೆಯ ನಂಟೇನೂ ಇಲ್ಲ. ಬಾಣಲೆಯ ನಂಟು ಇದೆ.

ಮೂರನೆಯದು ಅಂಗಡಿಯ ತಟ್ಟೆ, ನಮ್ಮ ಪರಿಚಯದ ಮೊಮೊ. ಗೋದಿಹಿಟ್ಟು, ಮಾಂಸ ಎರಡೂ ಬೇಕಾದ ಮೊಮೊ ಟಿಬೆಟಿನಲ್ಲಿ ದಿನದ ಊಟವಾಗಿರಲಿಲ್ಲ. ನೆಂಟರು ಬಂದಾಗ, ಮನೆಮಂದಿಯೆಲ್ಲ ಸುತ್ತ ಕುಳಿತು ಮಾತಾಡುತ್ತ ಮಡಿಸುವ ತಿಂಡಿ, ನಮ್ಮ ಕಡುಬಿನ ಹಾಗೆ. ಇಲ್ಲಿ ಅದರೊಳಕ್ಕೆ ಎಲೆಕೋಸು ಸೇರಿತು, ಪನ್ನೀರು ಸೇರಿತು, ಬೆಂಗಳೂರಿನ ಬೀದಿಗೆ ಬರುವ ಹೊತ್ತಿಗೆ ಎಣ್ಣೆಯಲ್ಲಿ ಕರಿದದ್ದೂ ಆಯಿತು. ಅದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ, ಸಂತೋಷವೇ. ಆದರೆ ಒಂದು ಜನರನ್ನು ಅವರ ಅಂಗಡಿಯ ತಟ್ಟೆಯಿಂದ ಮಾತ್ರ ತಿಳಿಯುವುದೆಂದರೆ, ಮನೆಯ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡದೆ ಬಂದ ಹಾಗೆ.

ಕೆಲವು ವರ್ಷಗಳ ಹಿಂದೆ ಬೈಲಕುಪ್ಪೆಯ ಒಂದು ಮನೆಗೆ ಹೋಗುವ ಸಂದರ್ಭ ನನಗೆ ಒದಗಿತು. ಮನೆಯ ಹುಡುಗ ಬೆಂಗಳೂರಿನಲ್ಲಿ ಓದಿದವನು, ಕನ್ನಡ ಚೆನ್ನಾಗಿ ಬಲ್ಲ. ಅವನ ಅಜ್ಜಿಗೆ ಎಂಬತ್ತರ ಸಮೀಪ. ಅವರ ನುಡಿಯಲ್ಲಿ ಅಜ್ಜಿಗೂ “ಮೊಮೊ” ಎಂದೇ ಹೆಸರು, ಗೌರವಕ್ಕೆ “ಲಾ” ಸೇರಿಸಿ ಮೊಮೊಲಾ ಎನ್ನುತ್ತಾರೆ. ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ಮನೆಯವರು ಒಂದು ಡಬ್ಬಿ ರಾಗಿಯ ಹುರಿಹಿಟ್ಟನ್ನು ಕಟ್ಟಿಕೊಟ್ಟಿದ್ದರು. ಅಜ್ಜಿ ಮುಚ್ಚಳ ತೆಗೆದು ಮೂಸಿ ನೋಡಿದರು. ಮಾತಾಡದೆ ಎದ್ದು ಹೋಗಿ ತಮ್ಮ ಬಟ್ಟಲು ತಂದರು, ಉಪ್ಪಿನ ಟೀ ಹೊಯ್ದರು, ಹಿಟ್ಟು ಹಾಕಿದರು. ಎಡಗೈ ಬಟ್ಟಲನ್ನು ತಿರುಗಿಸತೊಡಗಿತು, ಬಲಗೈಯ ಬೆರಳುಗಳು ಕಲಸತೊಡಗಿದವು. ತಿನ್ನುವ ಮುನ್ನ ಒಂದು ಚಿಟಿಕೆಯನ್ನು ಮೇಲಕ್ಕೆ ತೂರಿದರು. ಆಮೇಲೆ ಮೊಮ್ಮಗನಿಗೆ ಏನೋ ಹೇಳಿದರು.

“ಯಾವ ಕಾಳು ಅಂತ ಕೇಳ್ತಿದಾರೆ ಸಾರ್” ಎಂದ ಹುಡುಗ.

“ರಾಗಿ ಅಂತ ಹೇಳಪ್ಪ.”

ಅಜ್ಜಿ ನನ್ನ ಮುಖ ನೋಡಿ ಮತ್ತೆ ಏನೋ ಹೇಳಿದರು. ಹುಡುಗ ಸ್ವಲ್ಪ ಸಂಕೋಚದಿಂದಲೇ ತಿಳಿಸಿದ: “ರಾಗಿ ನಮ್ಮ ಹೊಲದಲ್ಲೂ ಬೆಳೀತೀವಿ, ಆದ್ರೆ ಅದನ್ನ ಹೀಗೆ ಹುರೀಬಹುದು ಅಂತ ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ ಅಂತ ಕೇಳ್ತಿದಾರೆ.”

ನನಗೆ ಉತ್ತರ ತೋಚಲಿಲ್ಲ. ಆಕೆ ಹುಡುಗಿಯಾಗಿ ಬಂದು ಅರವತ್ತು ವರ್ಷಗಳಾಗಿದ್ದವು. ಬೇಲಿಯ ಆ ಕಡೆ ಬಾರ್ಲಿಗಾಗಿ ಹಂಬಲಿಸುವ ಮನೆ, ಈ ಕಡೆ ಹುರಿಹಿಟ್ಟಿನ ಡಬ್ಬಿ ಇರುವ ಮನೆ. ನಡುವೆ ಬಸ್ಸು ಓಡಾಡಿತು, ಸ್ವೆಟರ್ ವ್ಯಾಪಾರ ನಡೆಯಿತು, ಜೋಳದ ಮೂಟೆ ಕೈ ಬದಲಾಯಿತು. ಆದರೆ “ಬೆಳಿಗ್ಗೆ ಏನು ತಿಂದಿರಿ?” ಎಂದು ಕೇಳುವಷ್ಟು ಹತ್ತಿರಕ್ಕೆ ಆ ಎರಡು ಮನೆಯವರು ಬಂದಿರಲಿಲ್ಲ. ಎಲ್ಲ ಮನೆಗಳೂ ಹಾಗೆಯೇ ಎಂದು ನಾನು ಹೇಳುವುದಿಲ್ಲ. ನೆಂಟಸ್ತಿಕೆಯ ಹಾಗೆ ಬೆಳೆದ ನೆರೆಹೊರೆಯೂ ಅಲ್ಲಿ ಉಂಟು. ಆದರೂ ಆ ಅಜ್ಜಿಯ ಪ್ರಶ್ನೆ ನನ್ನ ಜೊತೆಯಲ್ಲಿಯೇ ಬಸ್ಸು ಹತ್ತಿ ಮನೆಗೆ ಬಂತು.

ಮನೆಗೆ ಬಂದ ಮೇಲೆ ಇನ್ನೊಂದು ಯೋಚನೆ ಹತ್ತಿತು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಕಥೆ ನಿಮಗೆ ತಿಳಿದೇ ಇದೆ. ಭತ್ತ ಮೇಲೋ ರಾಗಿ ಮೇಲೋ ಎಂದು ವಾದ ಬಂದಾಗ, ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆಯಿಂದ ಹೊರಗೆ ಬಂದಾಗ ಭತ್ತ ಕಳೆಗುಂದಿದೆ, ರಾಗಿ ಹಾಗೆಯೇ ಇದೆ. ಕೆಟ್ಟ ಕಾಲವನ್ನು ತಾಳಿಕೊಂಡು ಉಳಿದದ್ದೇ ಮೇಲು ಎಂಬುದು ಅದರ ತೀರ್ಪು. ಟಿಬೆಟಿನ ಈ ಜನ ಆ ಸೆರೆಯ ಕಾಲವನ್ನು ತಾಳಿದರು. ಕಾಳು ಕೈಬಿಟ್ಟುಹೋದರೂ ಹುರಿಯುವ ಕೈಯನ್ನು ಬಿಡಲಿಲ್ಲ. ನಾವೋ? ಹೊಲ ನಮ್ಮದು, ರಾಗಿ ನಮ್ಮದು, ಬಾಣಲೆ ನಮ್ಮದು. ನಮ್ಮನ್ನು ಯಾರೂ ಎಲ್ಲಿಂದಲೂ ಓಡಿಸಲಿಲ್ಲ. ಆದರೂ ಪೇಟೆಯ ಎಷ್ಟು ಮನೆಗಳಲ್ಲಿ ಇಂದು ಹುರಿಹಿಟ್ಟಿನ ಡಬ್ಬಿ ಇದೆ? 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ರಾಗಿ ಬಣ್ಣದ ಪೊಟ್ಟಣದಲ್ಲಿ ನಮ್ಮ ಅಂಗಡಿಗಳಿಗೆ ಮರಳಿ ಬಂದಿದೆ. ಬರಲಿ, ಒಳ್ಳೆಯದೇ. ಆದರೆ ಅದನ್ನು ಅರಳು ಹುರಿಯುವ ಹದ ಪೊಟ್ಟಣದೊಳಗೆ ಬರುವುದಿಲ್ಲ. ಊರನ್ನು ಬಿಡದೆಯೇ ಊಟವನ್ನು ಬಿಟ್ಟು ದೇಶಾಂತರ ಹೋಗುವುದು ಸಾಧ್ಯ ಎಂಬುದಕ್ಕೆ ನಾವೇ ಸಾಕ್ಷಿ.

ಈ ಮಾತು ನಿಮ್ಮ ಮಕ್ಕಳಿಗೂ ಸಲ್ಲುತ್ತದೆ. ಬೈಲಕುಪ್ಪೆಯ ತರುಣರು ಈಗ ಮತ್ತೊಮ್ಮೆ ದೇಶ ಬಿಡುತ್ತಿದ್ದಾರೆ. ಅಮೆರಿಕ ದೇಶ 1990ರ ಕಾನೂನಿನಲ್ಲಿ ಭಾರತ ಮತ್ತು ನೇಪಾಳದಲ್ಲಿದ್ದ ಟಿಬೆಟನ್ನರಿಗೆ 1,000 ವೀಸಾಗಳನ್ನು ಕೊಟ್ಟಿತು, ಅಲ್ಲಿಂದ ಆ ದಾರಿ ತೆರೆಯಿತು. ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್ ಎಂಬ ಬಡಾವಣೆಯಲ್ಲಿ ಮೊಮೊ ಅಂಗಡಿಗಳೂ ಇವೆ, ತೊಗರಿಬೇಳೆ, ಹುಣಿಸೆಹಣ್ಣು, ಕರಿಬೇವು ಮಾರುವ ನಮ್ಮ ದೇಶದ ದಿನಸಿ ಅಂಗಡಿಗಳೂ ಇವೆ. ಬೈಲಕುಪ್ಪೆಯಲ್ಲಿ ಬೇಳೆ ಅನ್ನ ಉಂಡು ಬೆಳೆದ ಹುಡುಗನೂ, ಮೈಸೂರಿನಲ್ಲಿ ಬೆಳೆದ ನಿಮ್ಮ ಮಗಳೂ ಆ ಒಂದೇ ಬೀದಿಯಲ್ಲಿ ಬೇಳೆಯ ಚೀಲ ಎತ್ತಿಕೊಳ್ಳುತ್ತಿರಬಹುದು. ಅಜ್ಜಿಯ ಕಾಲಕ್ಕೆ ಪರದೇಶದ ಪಡಿಯಾಗಿದ್ದ ಬೇಳೆ, ಮೊಮ್ಮಗನ ಕಾಲಕ್ಕೆ ತವರಿನ ನೆನಪಾಯಿತು. ಎರಡು ತಲೆಮಾರು ಸಾಕು, ಹೊಸ ಊಟ ಹಳೆಯ ಊಟವಾಗುವುದಕ್ಕೆ.

ಆದ್ದರಿಂದ ದೂರದೇಶಕ್ಕೆ ಹೊರಟ ಮಕ್ಕಳಿಗೆ ಪುಡಿಯ ಡಬ್ಬಿಗಳನ್ನು ಕಟ್ಟಿಕೊಡುವ ತಾಯಂದಿರಲ್ಲಿ ನನ್ನದೊಂದು ವಿಜ್ಞಾಪನೆ. ಡಬ್ಬಿ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಡಬ್ಬಿ ಆರು ತಿಂಗಳಿಗೆ ತೀರುತ್ತದೆ. ಅದರ ಜೊತೆಗೆ ಹುರಿಯುವ ಹದವನ್ನೂ ಕೊಡಿ, ಒಲೆಯ ಮುಂದೆ ಒಂದು ದಿನ ನಿಲ್ಲಿಸಿಕೊಂಡು ಕಲಿಸಿ. ರಾಗಿ ಸಿಗದಿದ್ದರೆ ಅಲ್ಲಿ ಸಿಗುವ ಕಾಳನ್ನು ಅವರು ಹುರಿದಾರು.

ಮತ್ತೆ ನೀವು ಬೈಲಕುಪ್ಪೆಗೆ ಹೋದಾಗ ಮೊಮೊ ತಿನ್ನಿ, ಬಿಡಬೇಡಿ. ಸಾಧ್ಯವಾದರೆ ತ್ಸಂಪಾ ಇದೆಯೆ ಎಂದು ಒಂದು ಮಾತು ಕೇಳಿ. ಕೈಯಲ್ಲಿ ಒಂದು ಪೊಟ್ಟಣ ಹುರಿಹಿಟ್ಟು ಇದ್ದರೆ ಇನ್ನೂ ಒಳ್ಳೆಯದು. ಆ ಅಜ್ಜಿಯ ಪ್ರಶ್ನೆಗೆ ನಾನು ಕೊಡಲಾರದ ಉತ್ತರವನ್ನು ನೀವಾದರೂ ಕೊಟ್ಟ ಹಾಗಾಗುತ್ತದೆ.